ಪಿಡಿಎಫ್ ಪುಟವನ್ನು ಫೋಟೋ ಮಾಡುವಾಗ ಒತ್ತಕ್ಷರ ಮಸುಕಾಗದಿರಲು

ಚಿಕ್ಕಮ್ಮನ ಮಗಳ ಮದುವೆ. ಪ್ರೆಸ್‌ನವರು ಲಗ್ನಪತ್ರಿಕೆಯ ಪಿಡಿಎಫ್ ಕಳಿಸಿದ್ದರು, ಎರಡು ಪುಟ. ವಾಟ್ಸಾಪ್ ಸ್ಟೇಟಸ್‌ಗೆ ಪಿಡಿಎಫ್ ಹಾಕೋಕೆ ಬರಲ್ಲ, ಅಲ್ವಾ? ಹಾಗಾಗಿ ನಾನು ಮೊಬೈಲಿನಲ್ಲಿ ತೆರೆದು, ಸುಮ್ನೆ ಒಂದು ಸ್ಕ್ರೀನ್‌ಶಾಟ್ ಹೊಡೆದು, ಸ್ಟೇಟಸ್‌ಗೂ ಮನೆಯವರ ಗ್ರೂಪಿಗೂ ಹಾಕಿಬಿಟ್ಟೆ. ಅರ್ಧ ಗಂಟೆಗೆ ದೊಡ್ಡಪ್ಪನ ಫೋನ್ ಬಂತು. "ಮುಹೂರ್ತ ೯-೨೦ಕ್ಕೋ ೯-೩೦ಕ್ಕೋ? ದೊಡ್ಡದು ಮಾಡಿ ನೋಡಿದರೆ ಇನ್ನೂ ಮಸುಕಾಗುತ್ತೆ ಕಣೋ." ನೋಡಿದರೆ ಅವರು ಹೇಳಿದ್ದು ನಿಜ. ಕನ್ನಡದ ೨ಕ್ಕೂ ೩ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ತಿರುವು, ಅದೇ ಕರಗಿಹೋಗಿತ್ತು.

ಅವತ್ತಿನಿಂದ ಈ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದೇನೆ. ಕಷ್ಟ ಏನಿಲ್ಲ. ಯಾವ ಆ್ಯಪ್ ಅನ್ನುವುದಕ್ಕಿಂತ ಎಷ್ಟು ಡಿಪಿಐ ಅನ್ನುವುದು ಮುಖ್ಯ, ಅದೊಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗೀತು.

ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ. ಪಿಡಿಎಫ್‌ನಲ್ಲಿ ಅಕ್ಷರ ಗೆರೆಗಳ ಲೆಕ್ಕದಲ್ಲಿ ಕೂತಿರುತ್ತದೆ, ಅದಕ್ಕೇ ಎಷ್ಟು ದೊಡ್ಡದು ಮಾಡಿದರೂ ಚೂಪಾಗಿಯೇ ಕಾಣುತ್ತದೆ. ಫೋಟೋ ಮಾಡಿದ ಕ್ಷಣ ಅದು ಚುಕ್ಕಿಗಳಾಗುತ್ತದೆ. ಆಮೇಲೆ ಹೊಸ ಚುಕ್ಕಿ ಎಲ್ಲಿಂದಲೂ ಬರಲ್ಲ. ಎ4 ಹಾಳೆಯ ಅಗಲ 210 ಮಿ.ಮೀ., ಅಂದರೆ ಸುಮಾರು 8.27 ಇಂಚು. 72 ಡಿಪಿಐನಲ್ಲಿ ಅದು 595 ಚುಕ್ಕಿ ಅಗಲದ ಫೋಟೋ, 150ರಲ್ಲಿ 1240, 300ರಲ್ಲಿ 2480. ಇದನ್ನು ಅಕ್ಷರದ ಲೆಕ್ಕದಲ್ಲಿ ನೋಡಿ: 12 ಪಾಯಿಂಟ್ ಅಕ್ಷರಕ್ಕೆ 72 ಡಿಪಿಐನಲ್ಲಿ ಸಿಗುವ ಎತ್ತರ ಬರೀ 12 ಚುಕ್ಕಿ. ಅದರಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಎಲ್ಲವೂ ಹಿಡಿಯಬೇಕು. "ಜ್ಯೋತ್ಸ್ನಾ" ಅನ್ನೋ ಹೆಸರಿನಲ್ಲಿ ಒತ್ತಿನ ಪಾಲಿಗೆ ಐದಾರು ಚುಕ್ಕಿ ಬಂದರೆ ಪುಣ್ಯ. ಇಂಗ್ಲಿಷ್‌ಗೆ ಹೇಗೋ ಸಾಲುತ್ತದೆ, ನಮ್ಮ ಒತ್ತಕ್ಷರಕ್ಕೆ ಸಾಲಲ್ಲ. 300ರಲ್ಲಾದರೆ ಅದೇ ಅಕ್ಷರಕ್ಕೆ 50 ಚುಕ್ಕಿ.

ನಾನು ಹೊಡೆದ ಸ್ಕ್ರೀನ್‌ಶಾಟ್ ಕಥೆಯೂ ಇದೇ. 1080 ಚುಕ್ಕಿ ಅಗಲದ ಪರದೆಯಲ್ಲಿ ಎ4 ಪುಟ ಪೂರ್ತಿ ಕೂತರೆ ಹೆಚ್ಚೆಂದರೆ 130 ಡಿಪಿಐ. ಅದರ ಮೇಲೆ ವಾಟ್ಸಾಪ್ ಫೈಲ್ ಚಿಕ್ಕದಾಗಲಿ ಅಂತ ಇನ್ನೊಂದು ಸಲ ಹಿಂಡಿತು.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಮೊಬೈಲಲ್ಲಿ ಓದೋಕೆ 200, ಪ್ರಿಂಟ್ ತೆಗೆಯುವವರಿದ್ದರೆ 300, ಅಪ್‌ಲೋಡ್ ಮಾಡುವ ಕಡೆ ಸೈಜ್ ಕಟ್ಟುನಿಟ್ಟು ಇದ್ದರೆ 150. ಕನ್ನಡ ಇದ್ದರೆ ಅದಕ್ಕಿಂತ ಕೆಳಗೆ ಇಳಿಯಲೇಬೇಡಿ. 600 ಹಾಕಿದರೆ ಇನ್ನೂ ಚೆನ್ನಾಗಿರುತ್ತೆ ಅಂತ ಕೆಲವರು ಹಾಕುತ್ತಾರೆ, ಫೈಲ್ ಉಬ್ಬುತ್ತದೆ ಅಷ್ಟೇ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಈಗ ಮಾಡುವುದು ಹೇಗೆ ಅಂತ. ವಿಂಡೋಸ್ ಇದ್ದರೂ ಲಿನಕ್ಸ್ ಇದ್ದರೂ ನಾನು ಹೇಳೋದು ಗಿಂಪ್ (GIMP) ಅನ್ನೋ ಚಿತ್ರ ತಿದ್ದುವ ತಂತ್ರಾಂಶ. ದುಡ್ಡಿಲ್ಲ, ಜಾಹೀರಾತಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಗಿಂಪ್ ತೆರೆದು ಪಿಡಿಎಫ್ ಫೈಲನ್ನು ಅದರ ಮೇಲೆ ಎಳೆದು ಬಿಡಿ. ಪುಟಗಳ ಚಿಕ್ಕ ಚಿತ್ರ ಇರುವ ಒಂದು ಕಿಟಕಿ ಬರುತ್ತದೆ. ಬೇಕಾದ ಪುಟ ಆರಿಸಿ. ಅಲ್ಲೇ ಕೆಳಗೆ ಪುಟಗಳನ್ನು ಲೇಯರ್ ಆಗಿ ತೆರೆಯಲೋ ಇಮೇಜ್ ಆಗಿ ತೆರೆಯಲೋ ಅಂತ ಕೇಳುತ್ತದೆ, ಇಮೇಜ್ ಅನ್ನಿ. ಲೇಯರ್ ಅಂದರೆ ಎಲ್ಲ ಪುಟ ಒಂದರ ಮೇಲೊಂದು ಬಿದ್ದು ತಲೆಕೆಡುತ್ತದೆ. ಆಮೇಲೆ ರೆಸಲ್ಯೂಷನ್ ಅನ್ನೋ ಜಾಗ ನೋಡಿ, ಬಹಳ ಜನ ತಪ್ಪುವುದು ಇಲ್ಲೇ. ಅಲ್ಲಿ 100 ಅಂತ ಇದ್ದರೆ ಅಳಿಸಿ 300 ಬರೆಯಿರಿ. ಎ4 ಪುಟವಾದರೆ ಅಗಲ ಎತ್ತರದ ಸಂಖ್ಯೆ ತಾನಾಗಿ 2480, 3508 ಆಸುಪಾಸಿಗೆ ಬಂದರೆ ಸರಿಯಾಯಿತು ಅಂತ ಅರ್ಥ. ಇಂಪೋರ್ಟ್ ಒತ್ತಿ, ಆಮೇಲೆ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್. ಹೆಸರಿನ ಕೊನೆಗೆ .png ಅಂತ ಬರೆದರೆ ಪಿಎನ್‌ಜಿ ಆಗುತ್ತದೆ, .jpg ಅಂತ ಬರೆದರೆ ಜೆಪಿಜಿ.

ಯಾವುದು ಬೇಕು? ಬರೀ ಅಕ್ಷರ, ಕೋಷ್ಟಕ, ಸೀಲು ಇರುವ ಪುಟಕ್ಕೆ ಪಿಎನ್‌ಜಿ, ಅದು ಒಂದು ಚುಕ್ಕಿಯನ್ನೂ ಬಿಡದೆ ಉಳಿಸುತ್ತದೆ. ಜೆಪಿಜಿ ಪುಟವನ್ನು 8 ಚುಕ್ಕಿ ಉದ್ದಗಲದ ಚೌಕ ಮಾಡಿಕೊಂಡು ಒಂದಿಷ್ಟು ವಿವರ ಬಿಟ್ಟುಬಿಡುತ್ತದೆ. ಮದುಮಕ್ಕಳ ಫೋಟೋದಲ್ಲಿ ಇದು ಕಾಣಲ್ಲ, ಆದರೆ ಬಿಳಿ ಹಾಳೆಯ ಕರಿ ಅಕ್ಷರದ ಸುತ್ತ ಬೂದು ಧೂಳು ಕೂತ ಹಾಗೆ ಕಾಣುತ್ತದೆ. ಪತ್ರಿಕೆಯಲ್ಲಿ ಗಣಪತಿಯ ಬಣ್ಣದ ಚಿತ್ರ, ಹಿನ್ನೆಲೆಯಲ್ಲಿ ಹೂವು ಎಲ್ಲ ಇದ್ದರೆ ಜೆಪಿಜಿಯೇ ಮಾಡಿ, ಗುಣಮಟ್ಟ (ಕ್ವಾಲಿಟಿ) 90 ಇಡಿ. ಒಂದು ವಿಷಯ, ಫೈಲ್ ಹೆಸರಿನ ಬಾಲವನ್ನು ಕೈಯಾರೆ ಪಿಎನ್‌ಜಿಯಿಂದ ಜೆಪಿಜಿಗೆ ತಿದ್ದಿದರೆ ಅದು ಜೆಪಿಜಿ ಆಗಲ್ಲ. ನಾನೇ ಹೀಗೆ ಮಾಡಿ ಒಂದು ಅರ್ಜಿ ಮೂರು ಸಲ ತಿರಸ್ಕಾರ ಆಗಿ, ಪೋರ್ಟಲ್‌ಗೆ ಬೈದುಕೊಂಡು ಕೂತಿದ್ದೆ.

ಅರ್ಜಿ ಅಂದಮೇಲೆ ಕೆಬಿ ಮಿತಿಯ ಮಾತು ಬಂದೇ ಬರುತ್ತದೆ. 200 ಕೆಬಿ ಒಳಗೆ ಅಂದಾಗ ಎಲ್ಲರೂ ಮೊದಲು ಗುಣಮಟ್ಟವನ್ನು 20ಕ್ಕೋ 30ಕ್ಕೋ ಇಳಿಸಿಬಿಡುತ್ತಾರೆ. ಮೊದಲು ಇಳಿಸಬೇಕಾದ್ದು ಅಳತೆ. 150 ಡಿಪಿಐಗೆ ತನ್ನಿ. ಬಣ್ಣ ಬೇಡವಾದರೆ ಇಮೇಜ್ ಮೆನುವಿನ ಮೋಡ್‌ನಲ್ಲಿ ಗ್ರೇಸ್ಕೇಲ್ ಮಾಡಿ. ಆಮೇಲೆ ಗುಣಮಟ್ಟವನ್ನು 80, 75, 70 ಅಂತ ಒಂದೊಂದೇ ಮೆಟ್ಟಿಲು ಇಳಿಸಿ. ಜೆಪಿಜಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ತೋರಿಸುವ ಟಿಕ್ ಹಾಕಿದರೆ ಫೈಲ್ ಎಷ್ಟು ಕೆಬಿ ಆಗುತ್ತೆ ಅಂತ ಅಲ್ಲೇ ಕಾಣುತ್ತದೆ, ಊಹೆ ಬೇಕಿಲ್ಲ.

ಮ್ಯಾಕ್ ಇರುವವರಿಗೆ ಅದರಲ್ಲೇ ಇರುವ ಪ್ರಿವ್ಯೂ ಅನ್ನೋ ಆ್ಯಪ್ ಸಾಕು: ಫೈಲ್, ಎಕ್ಸ್‌ಪೋರ್ಟ್, ಫಾರ್ಮ್ಯಾಟ್ ಪಿಎನ್‌ಜಿ, ರೆಸಲ್ಯೂಷನ್ 300. ಆದರೆ ಅದು ಎದುರಿಗಿರುವ ಒಂದೇ ಪುಟ ಕೊಡುತ್ತದೆ. ಎಲ್ಲ ಪುಟ ಬೇಕಾದರೆ ಮ್ಯಾಕ್‌ನ ಆಟೋಮೇಟರ್ ಅನ್ನೋ ಆ್ಯಪ್‌ನಲ್ಲಿ ಪಿಡಿಎಫ್ ಪುಟಗಳನ್ನು ಇಮೇಜ್ ಮಾಡುವ ಆಯ್ಕೆ ಇದೆ.

ನೂರಿನ್ನೂರು ಪುಟ ಇದ್ದರೆ ಗಿಂಪ್‌ನಲ್ಲಿ ಒಂದೊಂದೇ ಎಕ್ಸ್‌ಪೋರ್ಟ್ ಮಾಡುತ್ತಾ ಕೂತರೆ ಸಂಜೆ ಆಗುತ್ತೆ. ಅದಕ್ಕೆ ಪಾಪ್ಲರ್ ಅನ್ನೋ ಉಚಿತ ಉಪಕರಣಗಳ ಗುಂಪಿದೆ, ಅದರಲ್ಲಿ ಪಿಡಿಎಫ್‌ಟುಪಿಪಿಎಂ (pdftoppm) ಅನ್ನುವುದು ಇದೇ ಕೆಲಸಕ್ಕೆ ಇರುವುದು. ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ (ಟರ್ಮಿನಲ್) ಒಂದು ಸಾಲು ಬರೆಯಬೇಕು, ಅದಕ್ಕೆ ಹೆದರಬೇಡಿ. ಡಿಪಿಐ ಹೇಳದಿದ್ದರೆ ಅದು 150 ಅಂತ ತಾನೇ ತಿಳಿದುಕೊಳ್ಳುತ್ತದೆ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು, ಪುಟ ಸಂಖ್ಯೆಗೆ ಮೊದಲು ಸೊನ್ನೆ ಸೇರಿಸಿ 001, 002 ಅಂತ ಹೆಸರಿಡುತ್ತದೆ. ಹಾಗಿಲ್ಲದಿದ್ದರೆ ಕೆಲವು ಕಡೆ 1 ಆದಮೇಲೆ 10 ಬಂದು ಕೂರುತ್ತದೆ, 2 ಎಲ್ಲೋ ಹಿಂದೆ ಉಳಿಯುತ್ತದೆ. ಅದೇ ಪಾಪ್ಲರ್‌ನಲ್ಲಿ ಪಿಡಿಎಫ್‌ಇಮೇಜಸ್ (pdfimages) ಅಂತ ಇನ್ನೊಂದಿದೆ. ನಿಮ್ಮ ಪಿಡಿಎಫ್ ಸ್ಕ್ಯಾನ್ ಮಾಡಿದ್ದಾದರೆ ಅದರೊಳಗೆ ಇರುವುದೇ ಫೋಟೋ, ಅದನ್ನು ಇನ್ನೊಮ್ಮೆ ಫೋಟೋ ಮಾಡುವ ಬದಲು ಇದರಿಂದ ಒಳಗಿನ ಮೂಲ ಚಿತ್ರವನ್ನೇ ಹೊರಗೆ ತೆಗೆಯಬಹುದು. 100 ಡಿಪಿಐಗೆ ಸ್ಕ್ಯಾನ್ ಆಗಿದ್ದನ್ನು 300 ಮಾಡಿದರೆ ಏನೂ ಸುಧಾರಿಸಲ್ಲ.

ನುಡಿ, ಬರಹ ತಂತ್ರಾಂಶಗಳ ಕಾಲದ ವರ್ಡ್ ಫೈಲ್ ಇದ್ದರೆ ಅದರ ಕಥೆಯೇ ಬೇರೆ. ಹಳೆಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೀಟು ಹಾಕಿದ ಹಾಗೆ ಏನೇನೋ ಕಾಣುತ್ತದೆ, ನೋಡಿರುತ್ತೀರಿ. ಅಂಥದ್ದನ್ನು ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಅಲ್ಲೇ ಫೋಟೋ ಮಾಡಿ ಕಳಿಸಿ, ಆಮೇಲೆ ಯಾರ ಮೊಬೈಲಲ್ಲಾದರೂ ಸರಿಯಾಗಿ ಕಾಣುತ್ತದೆ. ಕನ್ನಡದ ಪಿಡಿಎಫ್ ಅನ್ನು ಲಿಬ್ರೆ ಆಫೀಸ್ ಡ್ರಾದಲ್ಲಿ ತೆರೆದು ಫೋಟೋ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಬೇಡ. ಅದು ಪುಟವನ್ನು ತಿದ್ದಲು ಬರುವ ಹಾಗೆ ಬಿಡಿಸಿಕೊಳ್ಳುತ್ತದೆ, ಆ ಗಡಿಬಿಡಿಯಲ್ಲಿ ಒತ್ತಕ್ಷರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಿದ್ದು ನನಗೇ ಆಗಿದೆ.

ಪಿಡಿಎಫ್ ಹಾಕಿದರೆ ಜೆಪಿಜಿ ಕೊಡುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ, ಲಗ್ನಪತ್ರಿಕೆಗೆ ಧಾರಾಳವಾಗಿ ಬಳಸಿ, ಹೇಗಿದ್ದರೂ ಊರಿಗೆಲ್ಲ ಹಂಚೋದೇ ತಾನೆ. ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ಪತ್ರ ಮಾತ್ರ ಅಲ್ಲಿ ಹಾಕಬೇಡಿ. ಫೈಲ್ ಬೇರೆ ಯಾರದೋ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಇ-ಆಧಾರ್‌ಗೆ ಪಾಸ್‌ವರ್ಡ್ ಬೇರೆ ಇರುತ್ತದೆ: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಹಿಂದೆಯೇ ಹುಟ್ಟಿದ ವರ್ಷ. ಗಿಂಪ್ ಅದನ್ನು ಕೇಳುತ್ತದೆ, ಅಲ್ಲೇ ಕೊಡಬಹುದು. ಫೋಟೋ ಆದಮೇಲೆ ಅದರ ಡಿಜಿಟಲ್ ಸಹಿ ಉಳಿಯಲ್ಲ, ಪಿಡಿಎಫ್ ಕೇಳಿದವರಿಗೆ ಪಿಡಿಎಫ್ ಅನ್ನೇ ಕೊಡಿ.

ಕಳಿಸುವ ಮುಂಚೆ ಪುಟದ ಅತಿ ಸಣ್ಣ ಅಕ್ಷರವನ್ನು ದೊಡ್ಡದು ಮಾಡಿ ಒಮ್ಮೆ ನೋಡಿ, ಸಾಮಾನ್ಯವಾಗಿ ಅದು ಕಲ್ಯಾಣ ಮಂಟಪದ ವಿಳಾಸ. ವಾಟ್ಸಾಪ್‌ನಲ್ಲಿ ಗ್ಯಾಲರಿಯಿಂದ ಹಾಕುವ ಬದಲು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಹಿಂಡದೆ ಹಾಗೇ ತಲುಪುತ್ತದೆ. ಕೆಳಗೆ ದಿನಾಂಕ, ಮುಹೂರ್ತ, ಮಂಟಪದ ಹೆಸರನ್ನು ಟೈಪ್ ಮಾಡಿಯೂ ಹಾಕಿ. ಕಣ್ಣು ಕಾಣದವರ ಮೊಬೈಲ್ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡಕ ಹುಡುಕುವ ದೊಡ್ಡಪ್ಪನಿಗೂ ಅನುಕೂಲ.