ಟರ್ಬೊ ರಿಪೇರಿ ಆಯ್ತು, ಹೊಗೆ ಮಾತ್ರ ನಿಲ್ಲಲಿಲ್ಲ

ಹೋದ ಸೀಜನ್‌ನಲ್ಲಿ ಒಂದು ಕಬ್ಬಿನ ಲಾರಿ ನನ್ನ ಗ್ಯಾರೇಜಿಗೆ ಮೂರು ಸಲ ಬಂತು. ಮೂರು ಸಲವೂ ಒಂದೇ ದೂರು, ನೀಲಿ ಹೊಗೆ. ಅಂದರೆ ಎಲ್ಲೋ ಎಂಜಿನ್ ಆಯಿಲ್ ಸುಡುತ್ತಿದೆ. ಮುಧೋಳದ ನಾಲ್ಕು ಜನ ಮಿಸ್ತ್ರಿಗಳು ಆಯಿಲ್ ಮುಚ್ಚಳ ತೆಗೆದು, ಬುಸುಬುಸು ಬರುವ ಗಾಳಿ ನೋಡಿ, 'ಬ್ಯಾಕ್ ಕಂಪ್ರೆಷನ್ ಇದೆ (ಪಿಸ್ಟನ್ ರಿಂಗ್, ಲೈನರ್ ಸವೆದು ಸುಟ್ಟ ಗಾಳಿ ಕೆಳಗೆ ಸೋರುತ್ತಿದೆ), ಎಂಜಿನ್ ಇಳಿಸಬೇಕು' ಎಂದು ತೀರ್ಪು ಕೊಟ್ಟಿದ್ದರು. ಖರ್ಚು 90 ಸಾವಿರದ ಮೇಲೆಯೇ. ನಾನು ಇಳಿಸಲಿಲ್ಲ. ಗಾಡಿ ಈಗಲೂ ಅದೇ ರಿಂಗ್, ಅದೇ ಲೈನರ್‌ನಲ್ಲಿ ಓಡುತ್ತಿದೆ.

ನನ್ನ ಹತ್ತಿರ ಬರುವ ಮೊದಲೇ ಮಾಲಕರು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಎರಡು ಸಲ ಕೋರ್, ಅಂದರೆ ಶಾಫ್ಟ್, ಫ್ಯಾನ್ ಇರುವ ನಡುವಿನ ಭಾಗ, ಹಾಕಿಸಿದ್ದರು. ಒಂದೊಂದಕ್ಕೆ 13-14 ಸಾವಿರ ಹೋಗಿತ್ತಂತೆ. ಶಾಫ್ಟ್ ಹಿಡಿದು ನೋಡಿದೆ. ಅಡ್ಡಕ್ಕೆ ಒಂಚೂರು ಆಟ, ಅದು ಇರಬೇಕಾದ್ದೇ. ಉದ್ದಕ್ಕೆ ಏನೂ ಇಲ್ಲ. ಫ್ಯಾನ್ ಎಲ್ಲೂ ಉಜ್ಜಿರಲಿಲ್ಲ. ಟರ್ಬೊದ ಎಣ್ಣೆ ಎಂಜಿನ್ನಿಗೆ ವಾಪಸ್ ಇಳಿಯುವ ರಿಟರ್ನ್ ಪೈಪ್ ಬಿಚ್ಚಿದಾಗ ವಿಷಯ ತಿಳಿಯಿತು. ಪ್ಯಾಕಿಂಗ್ ಬದಲು ಯಾರೋ ಧಾರಾಳವಾಗಿ ಪೇಸ್ಟ್ ಹಚ್ಚಿದ್ದರು. ಅದು ಒಳಗೆ ಹಿಂಡಿಕೊಂಡು ಅರ್ಧ ತೂತು ಮುಚ್ಚಿತ್ತು. ಕೆಳಗಿನ ಬೆಂಡ್‌ನಲ್ಲಿ ಕಾರ್ಬನ್ ಕಲ್ಲಿನ ಹಾಗೆ ಕೂತಿತ್ತು. ಇಳಿಯಲಾಗದ ಎಣ್ಣೆ ಟರ್ಬೊದಿಂದ ಸೋರಿ ಸುಡುತ್ತಿತ್ತು. ಆ ಕಾರ್ಬನ್ ಪೈಪಿಗೆ ಪೆಟ್ಟಾಗದಂತೆ ತೆಗೆಯಲು ನನ್ನದೇ ಒಂದು ಉಪಾಯ ಇದೆ. ಬೇಕಾದವರು ಗ್ಯಾರೇಜಿಗೆ ಬಂದು ಚಹಾ ಕುಡಿಸಿ ಕೇಳಲಿ.

ಇಲ್ಲಿ ನನ್ನದೊಂದು ದಡ್ಡತನ. ಪೈಪ್ ಕ್ಲೀನ್ ಮಾಡಿ, ಪೇಟೆಯಲ್ಲಿ ಸಿಕ್ಕ 120 ರೂಪಾಯಿಯ ನೀರಿನ ಹೋಸ್ ಜೋಡಿಸಿದೆ. ಹೊಗೆ ನಿಂತಿತು. ನಾನೂ ನಾಲ್ಕು ಜನರ ಮುಂದೆ ಮೀಸೆ ತಿರುವಿದೆ. ಐದಾರು ಟ್ರಿಪ್ ಆದ ಮೇಲೆ ಗಾಡಿ ವಾಪಸ್. ಹೋಸ್ ಹೊರಗಿಂದ ಹೊಸದರ ಹಾಗೇ ಇತ್ತು. ಒಳಗೆ ಬಿಸಿ ಎಣ್ಣೆ ಕುಡಿದು ಎಷ್ಟು ಉಬ್ಬಿತ್ತೆಂದರೆ ಕಿರುಬೆರಳೂ ಹೋಗಲಿಲ್ಲ.

ಬೆಳಗಾವಿಯಿಂದ ಎಣ್ಣೆಗೆ ತಡೆಯುವ ಹೋಸ್ ತರಿಸಿದೆ, 650 ರೂಪಾಯಿ ಇರಬೇಕು. ಮೊದಲಿನದು ನಡುವೆ ಜೋತು ಬಿದ್ದಿತ್ತು. ಈ ಸಲ ಸೀದಾ ಇಳಿಜಾರು ಸಿಗುವಂತೆ ಕತ್ತರಿಸಿ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ದಟ್ಟ ಹೊಗೆ! ಮಾಲಕರು ತಲೆ ಮೇಲೆ ಕೈ ಹೊತ್ತು, "ಏನ್ರೀ ಮಿಸ್ತ್ರಿ, ಹೊಗಿ ಕಮ್ಮಿ ಮಾಡಂದ್ರ ಜಾಸ್ತಿ ಮಾಡಿದ್ರಲ್ಲ" ಅಂದರು.

ಬಹಳ ಜನ ಕೋರ್ ಮತ್ತೆ ಬಿಚ್ಚುವುದು ಇಲ್ಲೇ. ನಾನು ಸೈಲೆನ್ಸರ್ ಇಳಿಸಿ ಓರೆ ಹಿಡಿದೆ. ಮೊದಲೇ ಟರ್ಬೊದಿಂದ ಸೋರಿ ಕೂತಿದ್ದ ಕಪ್ಪು ಎಣ್ಣೆ ಹತ್ತಿರ ಹತ್ತಿರ ಅರ್ಧ ಲೀಟರ್ ಬಂತು. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನಲ್ಲೂ ಒಂದು ಲೋಟದಷ್ಟಿತ್ತು. ಅಲ್ಲಿನದನ್ನು ತೆಗೆಯದೆ ರೇಸ್ ಕೊಟ್ಟರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಅದಕ್ಕೆ ಇಂಥ ಗಾಡಿ ಸ್ಟಾರ್ಟ್ ಮಾಡುವಾಗ ಏರ್ ಪೈಪ್ ಬಾಯಿ ಮುಚ್ಚಲು ಒಂದು ಹಲಗೆ ಹಿಡಿದು ನನ್ನ ಗ್ಯಾರೇಜಿನ ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ. ಆಮೇಲೆ ಲೋಡ್ ಹಾಕಿಸಿ ಜಮಖಂಡಿಗೆ ಎರಡು ಸಲ ಹೋಗಿ ಬಂದೆ. ಸೈಲೆನ್ಸರಿಗೆ ಅಂಟಿದ ಎಣ್ಣೆ ಸುಟ್ಟು ಹೋಗಬೇಕು, ಖಾಲಿ ಗಾಡಿಯಲ್ಲಿ ಅದು ಅಷ್ಟು ಬಿಸಿಯಾಗುವುದಿಲ್ಲ. ಮೊದಲ ಸಲ ಇಟ್ಟಂಗಿ ಭಟ್ಟಿಯ ಹಾಗೆ ಹೊಗೆ. ಎರಡನೇ ಸಲ ವಾಪಸ್ ಬರುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿ ಸ್ವಚ್ಛ ಕಂಡಿತು.

ಆ ಹುಡುಗನಿಗೆ ಎಂಜಿನ್ ಆಯಿಲಿನ ನೀಲಿ ಹೊಗೆ ಯಾವುದು, ಸುಡದ ಡೀಸೆಲಿನ ಬಿಳಿ ಹೊಗೆ ಯಾವುದು ಗೊತ್ತಾಗುತ್ತಿರಲಿಲ್ಲ. ಹಳೆಯ ರೊಟ್ಟಿ ಹಂಚು ಕಾಯಿಸಿ, ಅಂಗಳದಲ್ಲಿಟ್ಟು, ಒಂದು ಮೂಲೆಗೆ ಎಂಜಿನ್ ಆಯಿಲ್, ಇನ್ನೊಂದಕ್ಕೆ ಡೀಸೆಲ್, ಎರಡೆರಡು ಹನಿ ಬಿಟ್ಟು ತೋರಿಸಿದೆ. ಬಣ್ಣಕ್ಕಿಂತ ವಾಸನೆಯಲ್ಲಿ ಬೇಗ ಕಲಿತ. ಹಂಚು ಕಾಣೆಯಾದದ್ದು ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಮೂರು ದಿನ ಬಿಟ್ಟು ಡ್ರೈವರ್ ಬಂದ. "ರೋಡಿನ್ಯಾಗ ಏನೂ ಇಲ್ರೀ. ಫ್ಯಾಕ್ಟರಿ ಮುಂದ ಪಾಳೇಕ ನಿಂತ್ರ ಅರ್ಧಾ ತಾಸಿಗೆ ಶುರು ಆಗ್ತೈತಿ." ನನಗೆ ಬೇಕಾಗಿದ್ದ ಮಾತು ಇದೇ. ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಇಲ್ಲ, ಇಳಿಜಾರು ಇಳಿದು ಮತ್ತೆ ರೇಸ್ ಕೊಟ್ಟಾಗಲೂ ಇಲ್ಲ. ಅಂದರೆ ವಾಲ್ವ್ ಪಕ್ಕದಿಂದ ಎಣ್ಣೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಅಲ್ಲ. ಏರಿನಲ್ಲಿ ಲೋಡ್ ಎಳೆಯುವಾಗ ಇಲ್ಲ, ಅಂದರೆ ರಿಂಗೂ ಅಲ್ಲ. ಸ್ಲೋನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಚಾಲೂ ಇಟ್ಟು ನಿಂತಾಗ ಮಾತ್ರ ಟರ್ಬೊದಲ್ಲಿ ಎಣ್ಣೆ ನಿಲ್ಲುತ್ತಿದೆ.

ರಿಟರ್ನ್ ಹೋಸನ್ನು ಬ್ಲಾಕಿನಿಂದ ಬಿಚ್ಚಿ, ಆ ತೂತು ಬಂದ್ ಮಾಡಿ, ಹೋಸ್ ತುದಿಯನ್ನು ಐದು ಲೀಟರ್ ಕ್ಯಾನಿಗೆ ಬಿಟ್ಟೆ. ಕ್ಯಾನ್ ನಾಲ್ಕೈದು ನಿಮಿಷಕ್ಕೇ ತುಂಬುತ್ತದೆ, ಹುಷಾರು. ಎರಡು ಕ್ಯಾನ್ ಇಟ್ಟುಕೊಂಡೆವು. ಒಂದು ತುಂಬುವಾಗ ಇನ್ನೊಂದನ್ನು ಹುಡುಗ ಬಟ್ಟೆಯಲ್ಲಿ ಸೋಸಿ ಮೇಲಿಂದ ಸುರಿಯುತ್ತಿದ್ದ. 40 ನಿಮಿಷ ಹೀಗೇ ನಡೆಯಿತು. ಹುಡುಗ ಬೆವತು ಹೋದ, ಹೊಗೆ ಬರಲಿಲ್ಲ. ಕೋರ್ ಪಾಸ್. ಎಣ್ಣೆ ಇಳಿಯದಂತೆ ತಡೆಯುತ್ತಿದ್ದದ್ದು ಚೇಂಬರ್, ಅಂದರೆ ಎಂಜಿನ್ ಕೆಳಗಿನ ಎಣ್ಣೆ ಇರುವ ಭಾಗ, ಅದರ ಒಳಗಿನ ಗಾಳಿ.

ಎಷ್ಟು ಗಾಳಿ ಅಂತ ಅಳೆಯಲು ಪಕ್ಕದ ಮನೆ ಕಟ್ಟುತ್ತಿದ್ದ ಗೌಂಡಿಯ ಲೆವೆಲ್ ಪೈಪ್ ಕೇಳಿ ತಂದೆ. ನೀರು ತುಂಬಿ ಹಲಗೆಗೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಡಿದೆ. ಒಂದು ತುದಿಯನ್ನು ಆಯಿಲ್ ಮಟ್ಟ ನೋಡುವ ಕಡ್ಡಿಯ ಗೇಜ್ ಪೈಪಿಗೆ ಕೂರಿಸಿದೆ. ಗಾಳಿ ಸೋರದಂತೆ ಕೂರಿಸುವ ಬುಷ್ ನಾನೇ ಮಾಡಿಕೊಂಡದ್ದು, ಅದರ ಅಳತೆ ಕೇಳಬೇಡಿ. ಸ್ಲೋನಲ್ಲೇ ಎರಡೂ ಕಡೆಯ ನೀರಿಗೆ ಒಂದು ಗೇಣು ವ್ಯತ್ಯಾಸ. ರೇಸ್ ಕೊಟ್ಟರೆ ನೀರು ಚಿಮ್ಮಿ ನನ್ನ ಮುಖಕ್ಕೇ ಬಂತು.

ಚೇಂಬರಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪಿನ ಮೇಲೆ ಒಂದು ಬಿರುಕೂ ಇರಲಿಲ್ಲ. ಬಿಚ್ಚಿ ಊದಿದೆ. ಕೆನ್ನೆ ನೋವು ಬಂತೇ ಹೊರತು ಗಾಳಿ ಹೋಗಲಿಲ್ಲ. ಉದ್ದಕ್ಕೆ ಸೀಳಿ ನೋಡಿದರೆ ಒಳಪದರ ಕಿತ್ತು ನಾಲಿಗೆಯ ಹಾಗೆ ಜೋತು ಬಿದ್ದಿದೆ. ಎಂಜಿನ್ ಮೇಲಿನ ಟ್ಯಾಪೆಟ್ ಕವರಿನಲ್ಲಿ ಗಾಳಿ ಹೋಗುವ ಜಾಲರಿಗೆ ಗ್ರೀಸಿನಂಥ ಕೆಸರು ಮೆತ್ತಿತ್ತು. ಜಾಲರಿ ಡೀಸೆಲ್‌ನಲ್ಲಿ ತೊಳೆದು, ಪೈಪ್ ಬದಲಿಸಿ, ಮತ್ತೆ ಲೆವೆಲ್ ಹಾಕಿದೆ. ವ್ಯತ್ಯಾಸ ಎರಡು ಬೆರಳಿಗೆ ಇಳಿಯಿತು. ಆ ರಾತ್ರಿ ನಾನೇ ಗಾಡಿಯ ಜೊತೆ ಫ್ಯಾಕ್ಟರಿಗೆ ಹೋದೆ. ಪಾಳಿಯಲ್ಲಿ ಎಂಜಿನ್ ಬಂದ್ ಮಾಡದೆ ಎರಡು ತಾಸು ಕೂತೆವು. ಹೊಗೆ ಬರಲೇ ಇಲ್ಲ.

ಒಟ್ಟು ಬಿಲ್ 6,500 ಮಾಡಿದೆ. ನೀರಿನ ಹೋಸ್ ನನ್ನ ತಲೆಗೇ. ಎಂಜಿನ್ ಕೆಲಸದ 90 ಸಾವಿರ ಉಳಿಯಿತಲ್ಲ ಅಂದರೂ ಮಾಲಕರು 500 ಕಡಿಮೆ ಕೊಟ್ಟು ಹೋದರು.

ಮೊನ್ನೆ ಆ ನಾಲ್ವರಲ್ಲಿ ಒಬ್ಬರು ಹುಡುಗನನ್ನು ಕಳಿಸಿ ಲೆವೆಲ್ ಪೈಪ್ ಕೇಳಿದರು. ಪೈಪ್ ಕೊಟ್ಟೆ. ಬುಷ್ ಕೊಡಲಿಲ್ಲ.