ಲೈನ್ ಗಾಡಿಗೆ (ದೂರದ ಊರುಗಳಿಗೆ ಸರಕು ಸಾಗಿಸುವ ಲಾರಿಗೆ) ಹೊಸಬರಾ? ಕ್ಯಾಬಿನ್ ಹೀಗೆ ಸಜ್ಜು ಮಾಡಿಕೊಳ್ಳಿ

ಬಳ್ಳಾರಿ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಒಮ್ಮೆ ಹೋಗಿ ನೋಡಿ. ಲೋಡಿಗೆ ಕಾದು ನಿಂತ ಲಾರಿಗಳು. ಒಬ್ಬ ಟೈರಿನ ನೆರಳಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಾನೆ. ಇನ್ನೊಬ್ಬ ಸ್ಟೀರಿಂಗ್ ಮೇಲೆ ಟವೆಲ್ ಒಣಹಾಕಿ ಮಲಗಿರುತ್ತಾನೆ. ಡ್ರೈವರ್ ಕೆಲಸ ಅಂದರೆ ಓಡಿಸೋದು ಅಂದುಕೊಂಡು ಬರುವ ಹುಡುಗರಿಗೆ ಇದನ್ನು ಮೊದಲು ತೋರಿಸಬೇಕು. ಗೇಟಿನಲ್ಲಿ, ಲಾರಿ ತೂಗುವ ವೇ ಬ್ರಿಡ್ಜ್‌ನಲ್ಲಿ, ಇಳಿಸೋಕೆ ಹಮಾಲರು ಬರುವ ತನಕ, ಹೀಗೆ ದಿನದ ದೊಡ್ಡ ಪಾಲು ನಿಲ್ಲುವುದರಲ್ಲೇ ಹೋಗುತ್ತದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು: "ತಮ್ಮಾ, ಓಡ್ಸಾಕ ಎಲ್ರಿಗೂ ಬರ್ತೈತಿ. ನಿಂತಾಗ ಹೆಂಗ ಇರ್ತಿ ಅನ್ನೋದು ನೋಡು." ಕ್ಯಾಬಿನ್ ಸಜ್ಜು ಮಾಡುವಾಗ ಆ ನಿಂತ ಹೊತ್ತನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮೊದಲು ಮಾಲೀಕರ ಹತ್ತಿರ ಮಾತು

ಸಂಬಳ ಎಷ್ಟು, ಬತ್ತಾ ಎಷ್ಟು, ಅಂತ ಎಲ್ಲರೂ ಕೇಳುತ್ತಾರೆ. ಗಾಡಿ ಎರಡು ದಿನ ಲೋಡಿಲ್ಲದೆ ನಿಂತರೆ ಬತ್ತಾ ಇದೆಯಾ ಅಂತ ಮಾತ್ರ ಯಾರೂ ಕೇಳಲ್ಲ. ಕೇಳಿ. ಪಂಕ್ಚರ್ ಖರ್ಚು, ದಾರಿಯ ದಂಡ ಯಾರ ಲೆಕ್ಕ ಅನ್ನೋದೂ ಮೊದಲೇ ಮಾತಾಗಲಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಅವರೆದುರಿಗೇ ಬರೆಯಿರಿ, ತಪ್ಪು ತಿಳಿಯಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವ ತನಕ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿರಾಮ ಅನ್ನುತ್ತಿತ್ತು. ಲೈನ್ ಮೇಲೆ ಆ 8 ಗಂಟೆ ನಡೆಯೋದನ್ನು ನಾನಂತೂ ಕಂಡಿಲ್ಲ. ಅರ್ಧ ಗಂಟೆಯ ವಿರಾಮವನ್ನಾದರೂ ಬಿಡಬೇಡಿ.

ಗಾಡಿ ಕೈಗೆ ಬಂದ ದಿನ

ಮೊಬೈಲ್ ತೆಗೆದು ಫೋಟೋ ಹೊಡೆಯಿರಿ. ಕಿಲೋಮೀಟರ್, ಡೀಸೆಲ್ ಮುಳ್ಳು, ಮೊದಲೇ ಬಿದ್ದ ಗೀರು, ಜಾಕು, ತಾಡಪತ್ರಿ, ಹಗ್ಗ, ಎಲ್ಲವೂ ಬರಲಿ. ಟೈರುಗಳದ್ದು ಬೇರೆಯಾಗಿ ತೆಗೆಯಿರಿ. ಪ್ರತಿ ಟೈರಿನ ಮೇಲೆ ಒಂದು ನಂಬರ್ ಇರುತ್ತದೆ. ಸ್ಟೆಪ್ನಿ ಸೇರಿಸಿ ಅಷ್ಟನ್ನೂ ಬರೆದುಕೊಳ್ಳಿ. ಹಳೇ ಡ್ರೈವರ್ ಕಾಲದಲ್ಲಿ ಬದಲಾದ ಟೈರಿಗೆ ನೀವು ಲೆಕ್ಕ ಕೊಡೋದು ಯಾಕೆ?

ಕಾಗದಪತ್ರ ಜಾಸ್ತಿ ಹೇಳುವುದಿಲ್ಲ. ಆರ್‌ಸಿ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟ್‌ಗಳ ತಾರೀಖು ಒಮ್ಮೆ ನೋಡಿ. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) ಮಾತ್ರ ಲೋಡಿನ ಜೊತೆ ಹುಟ್ಟಿ ಲೋಡಿನ ಜೊತೆ ಸಾಯುವ ಕಾಗದ. ಅದರ ಅವಧಿ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ ಮುಂಚೆಯೇ ಆಫೀಸಿಗೆ ಫೋನ್ ಮಾಡಿ.

ಕರೆಂಟು: ಇಲ್ಲಿ ಅವಸರ ಬೇಡ

2025ರ ಅಕ್ಟೋಬರ್ 1ರಿಂದ ತಯಾರಾದ ಮಧ್ಯಮ, ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಆದರೆ ಹೊಸಬರ ಕೈಗೆ ಬರುವುದು ಸಾಮಾನ್ಯವಾಗಿ ಹಳೇ ಗಾಡಿಯೇ ಅಲ್ವಾ? ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಆರಕ್ಕೂ ಕ್ಯಾಬಿನ್ನಿನ ತಗಡು ಕೈಗೆ ಚುರ್ ಅನ್ನುತ್ತದೆ. ಹಾಗಾಗಿ ಮೊದಲ ಖರ್ಚು ಫ್ಯಾನಿಗೆ.

ನಾನು ತಪ್ಪಿದ್ದೂ ಇಲ್ಲೇ. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ನನ್ನ ಹತ್ತಿರ ಇದ್ದದ್ದು ಕಾರಿನ 12 ವೋಲ್ಟ್ ಫ್ಯಾನ್. ಒಂದೇ ಬ್ಯಾಟರಿಯಿಂದ ವೈರ್ ಎಳೆದು ಹಾಕಿಕೊಂಡೆ. ಒಂದು ತಿಂಗಳು ತಣ್ಣಗೆ ಮಲಗಿದೆ. ಆಮೇಲೆ ಒಂದು ಬೆಳಗಿನ ಜಾವ, ಹೆದ್ದಾರಿ 67ರಲ್ಲಿ ಆಂಧ್ರದ ಗುತ್ತಿ ದಾಟಿದ ಮೇಲಿನ ಒಂದು ಡಾಬಾ ಹತ್ತಿರ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್. ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದು ತೋರಿಸಿದ. ಫ್ಯಾನ್ ಹಾಕಿದ್ದ ಬ್ಯಾಟರಿಯಲ್ಲಿ ಜೀವವೇ ಇಲ್ಲ. ಪಕ್ಕದ್ದರಲ್ಲಿ ನೀರು ಆರಿಹೋಗಿದೆ. ಚಾರ್ಜ್ ಎರಡಕ್ಕೂ ಒಟ್ಟಿಗೇ ಹೋಗುತ್ತದೆ. ಒಂದನ್ನೇ ಖಾಲಿ ಮಾಡುತ್ತಾ ಬಂದರೆ ಅದು ತುಂಬುವುದೇ ಇಲ್ಲ, ಇನ್ನೊಂದು ಜಾಸ್ತಿ ತುಂಬಿ ಕುದಿಯುತ್ತದೆ. ಎರಡೂ ಬ್ಯಾಟರಿ ಹೋದವು. ಆ ತಿಂಗಳ ಸಂಬಳವೂ.

ಆದ್ದರಿಂದ 24 ವೋಲ್ಟಿನ ಫ್ಯಾನನ್ನೇ ಕೊಳ್ಳಿ. 20 ವಾಟಿನ ಫ್ಯಾನ್ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ, ರಾತ್ರಿಯಿಡೀ ತಿರುಗಿದರೂ ಚಿಂತೆಯಿಲ್ಲ. 12 ವೋಲ್ಟಿನ ಸಾಮಾನು ಇದ್ದೇ ಇದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಹೊಸ ವೈರ್ ಎಳೆದಾಗ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಇದನ್ನು ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಇನ್ವರ್ಟರ್ ಇಟ್ಟು ಅನ್ನ ಮಾಡುವ ಆಸೆ ಬೇಡ. 700 ವಾಟಿನ ಕುಕ್ಕರ್ ಸುಮಾರು 30 ಆಂಪಿಯರ್ ಎಳೆಯುತ್ತದೆ. ಎಸಿ ಇದ್ದರೂ ಗಾಡಿ ಸ್ಟಾರ್ಟ್ ಇಟ್ಟು ಗಾಜು ಮುಚ್ಚಿ ನಿದ್ದೆ ಮಾಡಬೇಡಿ. ಸೈಲೆನ್ಸರ್ ಹೊಗೆ ಒಳಗೆ ಬಂದರೆ ವಾಸನೆಯಿಂದ ಎಚ್ಚರ ಆಗುತ್ತದೆ ಅಂತ ನಂಬಬೇಡಿ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಹಾಸಿಗೆ

ಸೀಟಿನ ಹಿಂದಿನ ಹಲಗೆಯನ್ನು ಟೇಪಿನಿಂದ ಅಳೆಯದೆ ಫೋಮ್ ತರಬೇಡಿ. ಅಳೆದು ತಂದರೂ ಫೋಮ್ ಬೇಸಿಗೆಯಲ್ಲಿ ಬೆನ್ನು ಬೇಯಿಸುತ್ತದೆ. ನನ್ನ ಮಟ್ಟಿಗೆ ಒಂದು ಚಾಪೆ, ಅದರ ಮೇಲೆ ಅವ್ವನ ಹಳೇ ಸೀರೆಗಳ ಕೌದಿ, ಇದಕ್ಕಿಂತ ಒಳ್ಳೇದು ಇಲ್ಲ. ಬೆವರು ಹೀರುತ್ತದೆ, ಒಗೆಯಬಹುದು, ಚಳಿಗಾಲದಲ್ಲಿ ಹೊದೆಯಬಹುದು. ಬಣ್ಣ ಗಾಢವಾಗಿರಲಿ. ಕಬ್ಬಿಣದ ಅದಿರಿನ ಗಣಿಗಳಿರುವ ಸಂಡೂರಿನ ಕಡೆ ಎರಡು ಟ್ರಿಪ್ ಆದರೆ ಬಿಳಿ ಬಟ್ಟೆಯೂ ಕೆಂಪಾಗುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಹೊಲಿಸಿ, ಮುಂದಿನ ಗಾಜಿಗೆ ದಪ್ಪ ಪರದೆ ಹಾಕಿ. ಹಗಲು ನಿದ್ದೆ ಬೇಕಾಗುತ್ತದೆ. ರಾತ್ರಿ 2ರಿಂದ 5ರ ತನಕ ಕಣ್ಣು ಎಳೆಯುವ ಹೊತ್ತು, ಆಗ ಚಹಾ ನಂಬಬೇಡಿ.

ಎಷ್ಟೇ ಬಿಸಿಲಿರಲಿ, ನೆರಳು ಅಂತ ಗಾಡಿ ಅಡಿ ಮಲಗಬೇಡಿ. ನಿಮ್ಮ ಗಾಡಿ ಅಡಿ ಬೇಡ, ಪಕ್ಕದವರದ್ದಂತೂ ಬೇಡವೇ ಬೇಡ. ಸಾಲು ಮುಂದೆ ಹೋದಾಗ ಯಾರೂ ಬಗ್ಗಿ ನೋಡಲ್ಲ.

ಒಲೆ, ನೀರು, ಡಬ್ಬಿ

5 ಕೆಜಿ ಸಿಲಿಂಡರ್ ಸಾಕು. ಓಡುವಾಗ ರೆಗ್ಯುಲೇಟರ್ ಬಂದ್ ಮಾಡಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಕ್ಯಾಬಿನ್ ಒಳಗೆ, ಪೆಟ್ರೋಲ್ ಬಂಕಿನಲ್ಲಿ, ಕಾರ್ಖಾನೆ ಆವರಣದಲ್ಲಿ ಒಲೆ ಹಚ್ಚಬಾರದು. ಕಾರ್ಖಾನೆ ಒಳಗೆ ಹೋಗಲು ಹೆಲ್ಮೆಟ್, ಸೇಫ್ಟಿ ಶೂ, ಹೊಳೆಯುವ ಜಾಕೆಟ್ ಕೇಳುತ್ತಾರೆ. ಇವು ಸ್ವಂತದ್ದಿರಲಿ. ಬೇರೆಯವರ ಶೂ ಹಾಕಿಕೊಂಡು ನಾಲ್ಕು ಗಂಟೆ ನಿಂತವರಿಗೇ ಆ ಕಷ್ಟ ಗೊತ್ತು. 20 ಲೀಟರ್ ನೀರಿನ ಕ್ಯಾನ್, ಬೆಂಕಿ ಆರಿಸುವ ಸಿಲಿಂಡರ್, ಟೈರಿಗೆ ಒಡ್ಡಲು ಎರಡು ಕಟ್ಟಿಗೆ ತುಂಡು, ಒಳ್ಳೆ ಟಾರ್ಚ್ ಬೇಕು. ದುಡ್ಡನ್ನು ಎರಡು ಕಡೆ ಇಡಿ. ಮಲಗುವಾಗ ಮೊಬೈಲ್ ಕಿಟಕಿ ಕಡೆ ಚಾರ್ಜಿಗೆ ಹಾಕಬೇಡಿ.

ಉಳಿದ ಸಾಮಾನನ್ನು ಒಂದು ಟ್ರಿಪ್ ಮುಗಿಸಿ ಬಂದ ಮೇಲೆ ಕೊಳ್ಳಿ. ಯಾವುದು ಇಲ್ಲದೆ ಒದ್ದಾಡಿದಿರಿ ಅಂತ ಆಗ ತಾನಾಗೇ ಗೊತ್ತಿರುತ್ತದೆ. ಮನೆಯಿಂದ ಮಾತ್ರ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ತನ್ನಿ. ವಾರಗಟ್ಟಲೆ ಕೆಡುವುದಿಲ್ಲ. ಕ್ಲಿಪ್ ಇರುವ ಸ್ಟೀಲ್ ಡಬ್ಬಿಯೇ ಇರಲಿ, ಇಲ್ಲದಿದ್ದರೆ ಧೂಳೇ ಚಟ್ನಿ. ಡಬ್ಬಿಯನ್ನು ಹಾಸಿಗೆ ತಲೆಕಡೆ ಬಟ್ಟೆ ಸುತ್ತಿ ಇಡಿ. ಕೆಳಗಿಟ್ಟರೆ ಒಂದೇ ರಸ್ತೆ ಉಬ್ಬಿಗೆ ರೊಟ್ಟಿಯೆಲ್ಲ ಪುಡಿ, ಆಮೇಲೆ ಕ್ಲೀನರ್ ಹುಡುಗ ಊಟದ ಹೊತ್ತಿಗೆ ನಿಮ್ಮ ಮುಖ ನೋಡುತ್ತಾನೆ.