ಮನೆಯಲ್ಲಿ ಗಾಂಜಾ ಬೆಳೆಯಲು ಲೈಸೆನ್ಸ್ ಸಿಗುತ್ತದಾ? ಕೊಡಗಿನವರಿಗೆ ನೇರ ಮಾತು

ಹೋದ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ನಮ್ಮ ಅವ್ವನಿಗೆ ಕೀಮೋ ಶುರುವಾಯಿತು. ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆ ಇರಲಿಲ್ಲ. ಕೆನಡಾದಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿ, "ಇಲ್ಲಿ ಮನೆಯಲ್ಲೇ ಗಾಂಜಾ ಗಿಡ ಬೆಳೆಸ್ತಾರೆ, ನೋವಿಗೆ ಒಳ್ಳೇದು, ನೀನೂ ಲೈಸೆನ್ಸಿಗೆ ಅರ್ಜಿ ಹಾಕು" ಅಂದ. ಅವನ ಮಾತು ನಂಬಿ ನಾನು ಎರಡು ತಿಂಗಳು ವಕೀಲರು, ವೈದ್ಯರು, ಆಫೀಸುಗಳು ಅಂತ ಓಡಾಡಿದೆ. ಅದೇ ದಾರಿಯಲ್ಲಿ ಇನ್ನೊಬ್ಬರು ಅಲೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಮನೆ ಬಳಕೆಗೆ ಗಾಂಜಾ ಬೆಳೆಯಲು ಲೈಸೆನ್ಸ್ ಅನ್ನೋದೇ ಇಲ್ಲ. ಔಷಧಿಗೆ ಅಂದರೂ ಇಲ್ಲ, ಒಂದೇ ಗಿಡ ಅಂದರೂ ಇಲ್ಲ. ಅರ್ಜಿ ನಮೂನೆಯೂ ಇಲ್ಲ, ಕಟ್ಟುವ ಶುಲ್ಕವೂ ಇಲ್ಲ. ಹಾಗಾಗಿ "ಇಷ್ಟು ದುಡ್ಡು ಕೊಡಿ, ಲೈಸೆನ್ಸ್ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಬಂದರೆ ಮಾತು ಅಲ್ಲೇ ನಿಲ್ಲಿಸಿ. ನನಗೂ ಒಬ್ಬರು ಸೀಲು ಹಾಕಿದ ಕಾಗದ ತೋರಿಸಿದ್ದರು. ವಕೀಲರಿಗೆ ತೋರಿಸಿದಾಗ ಅದು ಯಾವುದೋ ಔಷಧ ಅಂಗಡಿಯ ನೋಂದಣಿ ಪತ್ರ ಅಂತ ಗೊತ್ತಾಯಿತು.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಕೋವಿಗೆ ನಮಗೆ ವಿನಾಯಿತಿ ಇದೆಯಲ್ಲ, ಇದಕ್ಕೂ ಏನಾದರೂ ಇರಬಹುದು ಅಂತ ಹಿರಿಯರೇ ಕೇಳುತ್ತಾರೆ. ಕೋವಿಯ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಹಿಡುವಳಿದಾರರಿಗೂ ಕೊಟ್ಟದ್ದು, 2019ರ ಆದೇಶದಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಗಾಂಜಾ ಬರುವುದು ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ. ಅಲ್ಲಿ ಕೊಡಗಿಗೆ ಅಂತ ಯಾವ ವಿನಾಯಿತಿಯೂ ಇಲ್ಲ. ಬಾಣೆ ಜಾಗ, ಜಮ್ಮಾ ಜಾಗ, ಪಟ್ಟೆ ಜಾಗ, ಎಲ್ಲದಕ್ಕೂ ಒಂದೇ ನಿಯಮ.

ಆ ಕಾಯ್ದೆಯ 8ನೇ ಕಲಂ ಗಾಂಜಾ ಗಿಡ ಬೆಳೆಯುವುದನ್ನೇ ನಿಷೇಧಿಸುತ್ತದೆ. 10ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಬೇಕಾದರೆ ನಿಯಮ ಮಾಡಿ ಕೃಷಿಗೆ ಅನುಮತಿ ಕೊಡಬಹುದು. ನಾರು ಅಥವಾ ಬೀಜಕ್ಕಾಗಿ ಕೈಗಾರಿಕೆ ಮಟ್ಟದಲ್ಲಿ ಬೆಳೆಯಲು 14ನೇ ಕಲಂನಲ್ಲಿ ಅವಕಾಶ ಇದೆ. ಉತ್ತರಾಖಂಡ ಇದೇ ದಾರಿಯಲ್ಲಿ 2018ರಲ್ಲಿ ಹೆಂಪ್ (ನಾರು, ಬೀಜಕ್ಕೆ ಬೆಳೆಯುವ ಗಾಂಜಾ ಜಾತಿ) ಬೆಳೆಗೆ ಲೈಸೆನ್ಸ್ ಕೊಡಲು ಶುರು ಮಾಡಿತು. ಆದರೆ ಅದು ನಶೆ ಏರಿಸುವ ಟಿಎಚ್‌ಸಿ ಅಂಶ 0.3% ಮೀರದ ತಳಿಗೆ ಮಾತ್ರ, ಮನೆ ಹಿತ್ತಲಿನ ಗಿಡಕ್ಕೆ ಅಲ್ಲ. ಅಲ್ಲಿಯ ಲೈಸೆನ್ಸ್ ಸೋಮವಾರಪೇಟೆಯಲ್ಲಿ ನಡೆಯುವುದೂ ಇಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ? ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. "ಒಂದು ಕೆಜಿ ಒಳಗೆ ಇದ್ದರೆ ದೊಡ್ಡ ಕೇಸ್ ಅಲ್ಲ" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ ಅಲ್ವಾ? ಆ ಲೆಕ್ಕ ಇರುವುದು ಕೈಯಲ್ಲಿ ಇಟ್ಟುಕೊಂಡ ಗಾಂಜಾಕ್ಕೆ. ಒಂದು ಕೆಜಿವರೆಗೆ ಸಣ್ಣ ಪ್ರಮಾಣ ಅಂತ, ಅದಕ್ಕೂ ಒಂದು ವರ್ಷದವರೆಗೆ ಜೈಲಾಗಬಹುದು. ಗಿಡ ಬೆಳೆದದ್ದಕ್ಕೆ ತೂಕದ ಲೆಕ್ಕವೇ ಇಲ್ಲ. 20ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಹೂಕುಂಡದಲ್ಲಿ ಎರಡು ಗಿಡ ಇಟ್ಟವನ ಮೇಲೂ ಇದೇ ಕಲಂ ಹಾಕಬಹುದು. ಸೊಪ್ಪು, ಬೀಜ ಮಾತ್ರ ಇದ್ದರೆ ಅದು ಕಾಯ್ದೆಯ ಅರ್ಥದಲ್ಲಿ ಗಾಂಜಾ ಅಲ್ಲ, ಹೂವಿನ ತೆನೆಯೇ ಗಾಂಜಾ ಅನ್ನುವುದು ನಿಜ. ಅದನ್ನು ನಂಬಿ ಬೀಜ ಬಿತ್ತಬೇಡಿ. ಬಿತ್ತಿದರೆ ಅದು ಕೃಷಿ.

ತೋಟ ಇರುವವರು ಇಲ್ಲಿಂದ ಮುಂದಿನದನ್ನು ದಯವಿಟ್ಟು ಪೂರ್ತಿ ಓದಿ, ಯಾಕೆಂದರೆ ನೀವು ಬೆಳೆಯದೇ ಇದ್ದರೂ ಗಿಡ ನಿಮ್ಮ ಜಾಗದಲ್ಲಿ ಇರಬಹುದು. ಮಳೆಗಾಲದಲ್ಲಿ ನಮ್ಮ ತೋಟದ ಕೆಳ ತುದಿಗೆ ನಾವೇ ವಾರಗಟ್ಟಲೆ ಹೋಗುವುದಿಲ್ಲ. ತೊರೆ ಬದಿ, ಕೆಲಸದವರ ಲೈನ್ ಮನೆ ಹಿಂದೆ, ಮರಗಸಿ ಮಾಡಿದ ಮೇಲೆ ಬಿಸಿಲು ಬೀಳುವ ಖಾಲಿ ಜಾಗ, ಇಂಥ ಕಡೆ ಯಾರು ಏನು ನೆಟ್ಟರೂ ಗೊತ್ತಾಗಲ್ಲ. 46ನೇ ಕಲಂ ಪ್ರಕಾರ ಜಾಗದ ಒಡೆಯನಿಗೆ ತನ್ನ ಜಾಗದಲ್ಲಿ ಅಕ್ರಮವಾಗಿ ಬೆಳೆದ ಗಿಡ ಇದೆ ಅಂತ ಗೊತ್ತಾದ ಕೂಡಲೇ ತಿಳಿಸುವ ಹೊಣೆ ಇದೆ. ಗೊತ್ತಿದ್ದೂ ಸುಮ್ನೆ ಇದ್ದರೆ ಅದೇ ಅಪರಾಧ. 25ನೇ ಕಲಂ ಇನ್ನೂ ಮುಂದೆ ಹೋಗುತ್ತದೆ, ಗೊತ್ತಿದ್ದು ಜಾಗ ಬಳಸಲು ಬಿಟ್ಟರೆ ಬೆಳೆದವನ ಶಿಕ್ಷೆಯೇ ನಿಮಗೂ.

ಗಿಡ ಕಂಡರೆ ಮೊದಲು ಅದು ಹೌದಾ ಅಂತ ನೋಡಿ. ಮರಗೆಣಸಿನ ಎಲೆಯೂ ಬೆರಳು ಚಾಚಿದ ಹಾಗೆ ಇರುತ್ತದೆ, ಪುಂಡಿಯ ಕೆಲವು ಜಾತಿಯ ಎಲೆಯಂತೂ ದೂರದಿಂದ ಹಾಗೇ ಕಾಣುತ್ತದೆ. ಗಾಂಜಾ ಎಲೆಗೆ ಐದು, ಏಳು, ಒಂಬತ್ತು ಬೆರಳು, ಪ್ರತಿ ಬೆರಳಿನ ಅಂಚೂ ಗರಗಸದ ಹಾಗೆ, ಉಜ್ಜಿದರೆ ಜೋರು ವಾಸನೆ. ಹೌದು ಅನಿಸಿದರೆ ಕಿತ್ತು ಮನೆಗೆ ತರಬೇಡಿ. ಕೈಯಲ್ಲಿ ಹಿಡಿದು ಬರುವಾಗ ಅದು ನಿಮ್ಮ ವಶದಲ್ಲಿರುತ್ತದೆ, ಆಮೇಲೆ ಕತೆ ಹೇಳುವುದು ಕಷ್ಟ. ಸುಟ್ಟು ಹಾಕುವುದೂ ಬೇಡ. ಫೋಟೋ ತೆಗೆದು, ಸರ್ವೆ ನಂಬರ್ ಬರೆದು, ಪೊಲೀಸ್ ಠಾಣೆಗೋ ಅಬಕಾರಿ ಇಲಾಖೆಗೋ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಕೇಳಿ ತಗೊಳ್ಳಿ. ಊರವರ ಮುಂದೆ ಹೆಸರು ಬರುವುದು ಬೇಡ ಅನ್ನುವವರಿಗೆ 1933 ಅನ್ನೋ ರಾಷ್ಟ್ರೀಯ ಸಹಾಯವಾಣಿ 2024ರಿಂದ ಇದೆ. ಆದರೆ ಜಾಗ ನಿಮ್ಮದೇ ಆದರೆ ಲಿಖಿತ ದೂರೇ ನಿಮ್ಮನ್ನು ಕಾಯುವುದು. ಲೈನ್ ಮನೆಯವರ ಮೇಲೆ ಸುಮ್ಮನೆ ಅನುಮಾನ ಪಡಬೇಡಿ. ಹೊರಗಿನವರೇ ತೋಟಕ್ಕೆ ನುಗ್ಗಿ ನೆಡುವುದೂ ಇದೆ.

ಇನ್ನು ಕೆನಡಾದ ವಿಷಯ. ಅಲ್ಲಿ 17 ಅಕ್ಟೋಬರ್ 2018ರಿಂದ ಹೆಚ್ಚಿನ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಿಡ, ಅದಕ್ಕೆ ಲೈಸೆನ್ಸೇ ಬೇಡ. ಅದಕ್ಕಿಂತ ಜಾಸ್ತಿ ಬೇಕಾದ ರೋಗಿಗಳು ವೈದ್ಯರ ಪತ್ರ ಹಿಡಿದು ಅಲ್ಲಿಯ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸುತ್ತಾರೆ, ಎಷ್ಟು ಗಿಡ ಅನ್ನುವುದು ವೈದ್ಯರು ಬರೆದ ಗ್ರಾಂ ಲೆಕ್ಕದ ಮೇಲೆ ನಿಂತಿದೆ. ಜರ್ಮನಿಯಲ್ಲಿ 1 ಏಪ್ರಿಲ್ 2024ರಿಂದ ವಯಸ್ಕರಿಗೆ ಮೂರು ಗಿಡ. ಆ ವಿಡಿಯೋಗಳನ್ನು ನೋಡಿ ನಮ್ಮ ಹುಡುಗರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ರಜೆಗೆ ಬರುವ ನೆಂಟರಿಗೆ ಈಗಲೇ ಹೇಳಿಡಿ, ಎಣ್ಣೆ, ಮಿಠಾಯಿ, ಬೀಜ ಯಾವುದನ್ನೂ ಬ್ಯಾಗಿನಲ್ಲಿ ತರಬಾರದು.

ಹಾಗಾದರೆ ನೋವಿನಲ್ಲಿರುವವರಿಗೆ ಏನು ದಾರಿ? ಇದೆ, ಗಿಡ ಬೆಳೆಯದೆಯೇ. ಆಯುರ್ವೇದದಲ್ಲಿ ಇದರ ಸೊಪ್ಪನ್ನು ವಿಜಯಾ ಅನ್ನುತ್ತಾರೆ. ಈ ಸೊಪ್ಪು (ಭಂಗಿ) ಸೇರಿದ ಔಷಧಿಗಳು ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ಇವೆ, ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೊಳ್ಳಬೇಕು. ನೋಂದಾಯಿತ ಆಯುರ್ವೇದ ವೈದ್ಯರ ಹತ್ತಿರ ಹೋಗಿ, ಚೀಟಿ ಬರೆಸಿ, ಬಾಟಲಿ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಚ್ಚರಿಕೆಯ ಸಾಲು ಇದೆಯಾ ನೋಡಿ ತಗೊಳ್ಳಿ. ಚೀಟಿಯನ್ನೂ ಬಿಲ್ಲನ್ನೂ ಬಾಟಲಿ ಜೊತೆಗೇ ಇಡಿ, ಮೈಸೂರಿಗೋ ಮಂಗಳೂರಿಗೋ ಚೆಕಪ್‌ಗೆ ಹೋಗುವಾಗ ಕುಶಾಲನಗರದಲ್ಲೋ ಸಂಪಾಜೆಯಲ್ಲೋ ಗಾಡಿ ನಿಲ್ಲಿಸಿದರೂ ತೋರಿಸಲು ಇರುತ್ತದೆ. ಕ್ಯಾನ್ಸರ್ ವೈದ್ಯರಿಗೆ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ನಿದ್ದೆ ಮಾತ್ರೆ ಜೊತೆ ಇದು ಸೇರಿದರೆ ತೊಂದರೆ ಆಗಬಹುದು.

ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟು ಇವನ್ನು ಆಹಾರವಾಗಿ ಮಾರಲು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಪ್ಪಿದೆ. ಅವು ಆಹಾರ ಅಷ್ಟೇ. ನೋವಿಗೆ ಅಂತ ಅದರ ಮೇಲೆ ದುಡ್ಡು ಸುರಿಯಬೇಡಿ.

ಕ್ಯಾನ್ಸರ್ ನೋವು ಜೋರಾಗಿದ್ದರೆ ನಿಮ್ಮ ಡಾಕ್ಟರನ್ನು "ಪ್ಯಾಲಿಯೇಟಿವ್ ಕೇರ್ ಎಲ್ಲಿದೆ, ಬಾಯಿಗೆ ತಗೊಳ್ಳುವ ಮಾರ್ಫಿನ್ ಎಲ್ಲಿ ಸಿಗುತ್ತದೆ" ಅಂತ ಬಾಯಿ ಬಿಟ್ಟು ಕೇಳಿ. ಪ್ಯಾಲಿಯೇಟಿವ್ ಕೇರ್ ಅಂದರೆ ನೋವು ಕಡಿಮೆ ಮಾಡುವ ಆರೈಕೆ, ಮಾರ್ಫಿನ್ ಅಂದರೆ ಜೋರು ನೋವಿಗೆ ಕೊಡುವ ಔಷಧಿ. ಎನ್‌ಡಿಪಿಎಸ್ ಕಾಯ್ದೆಗೇ 2014ರಲ್ಲಿ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸುಲಭವಾಗಿ ಸಿಗುವ ಹಾಗೆ ಮಾಡಿದ್ದಾರೆ. ನಾನು ಗಿಡದ ಲೈಸೆನ್ಸಿಗೆ ಅಲೆದ ಎರಡು ತಿಂಗಳೂ ಅವ್ವ ನೋವು ತಿಂದಳು, ಈ ಪ್ರಶ್ನೆ ಕೇಳಿದ ಮೂರನೇ ದಿನ ರಾತ್ರಿ ಪೂರ್ತಿ ನಿದ್ದೆ ಮಾಡಿದಳು.